ಒಂದು ಕಾಳು ಜಾಸ್ತಿ: ಆರ್‌ನಲ್ಲಿ ಭಾರೀ ಸಂಖ್ಯೆಗಳ ಲೆಕ್ಕ ಮಾಡುವ ಬಗೆ

ಚದುರಂಗದ ಕಥೆ ನೀವೂ ಕೇಳಿರುತ್ತೀರಿ. ಆಟ ಕಂಡುಹಿಡಿದವನಿಗೆ ರಾಜ "ಏನು ಬೇಕೋ ಕೇಳು" ಅಂದ. ಅವನು ಕೇಳಿದ್ದು ಬರೀ ಕಾಳು. ಮೊದಲ ಮನೆಗೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಮನೆಯಿಂದ ಮನೆಗೆ ದುಪ್ಪಟ್ಟು. 64 ಮನೆ ತುಂಬುವ ಮೊದಲೇ ರಾಜನ ಕಣಜ ಬರಿದಾಯಿತು. ಒಟ್ಟು ಕಾಳು 2^64 - 1. ಬಿಡಿಸಿ ಬರೆದರೆ 18446744073709551615.

ಇದನ್ನೇ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕ ಹಾಕಿ ನೋಡಿ:

ಪ್ರಿಂಟ್(2^64 - 1, ಡಿಜಿಟ್ಸ್ = 22)

ಬರುವ ಉತ್ತರ 18446744073709551616. ಕೊನೆಯ ಅಂಕಿ 5 ಇರಬೇಕಿತ್ತು, 6 ಬಂದಿದೆ. ಒಂದು ಕಾಳು ಜಾಸ್ತಿ. ಎಚ್ಚರಿಕೆಯ ಸಂದೇಶ ಇಲ್ಲ, ಕೆಂಪು ಅಕ್ಷರ ಇಲ್ಲ. ಸುಮ್ನೆ ತಪ್ಪು ಉತ್ತರ.

ಇದು ಆರ್‌ನ ದೋಷ ಅಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಇದನ್ನು ಶುರು ಮಾಡಿದ್ದು ಅಂಕಿಅಂಶದ ಕೆಲಸಕ್ಕೆ. ಎತ್ತರ, ತೂಕ, ಮಳೆ, ಬೆಲೆ, ಇಂಥವನ್ನು ಅಳೆಯುವಾಗ ಮೊದಲ 15 ಅಂಕಿ ಸರಿ ಇದ್ದರೆ ಬೇಕಾದಷ್ಟಾಯಿತು. ಇಪ್ಪತ್ತನೆಯ ಅಂಕಿ ಬೇಕಾದಾಗ ಮಾತ್ರ ನಾವು ಬೇರೆ ದಾರಿ ಹಿಡಿಯಬೇಕು. ಆ ದಾರಿಗಳನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಒಂದು ಸೂಚನೆ. ಕಮಾಂಡ್‌ಗಳನ್ನು ಓದಲು ಅನುಕೂಲವಾಗಲಿ ಎಂದು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅದೇ ಉಚ್ಚಾರದ ಇಂಗ್ಲಿಷ್ ಸ್ಪೆಲ್ಲಿಂಗ್ ಹಾಕಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ, ಉಳಿದದ್ದೆಲ್ಲ ಸಣ್ಣಕ್ಷರ.

ಹಂತ 1: ಲೆಕ್ಕ ಎಲ್ಲಿ ಮುರಿಯಿತು ಎಂದು ಮೊದಲು ಗುರುತಿಸಿ

ಆರ್‌ನಲ್ಲಿ ದೊಡ್ಡ ಸಂಖ್ಯೆ ಮೂರು ಬೇರೆ ಬೇರೆ ಕಡೆ ಎಡವುತ್ತದೆ. ಮೂರಕ್ಕೂ ಮದ್ದು ಬೇರೆ. ಹಾಗಾಗಿ ಮೊದಲು ಯಾವುದು ಅಂತ ನೋಡಿಕೊಳ್ಳಬೇಕು.

ಮೊದಲನೆಯದು ಇಂಟಿಜರ್‌ನ, ಅಂದರೆ ಪೂರ್ಣಾಂಕವಾಗಿ ಇಟ್ಟ ಸಂಖ್ಯೆಯ ಮಿತಿ. ಆರ್‌ನ ಇಂಟಿಜರ್‌ಗೆ 32 ಬಿಟ್ ಜಾಗ. ಅದು ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647, ನಮ್ಮ ಲೆಕ್ಕದಲ್ಲಿ 214 ಕೋಟಿ ಚಿಲ್ಲರೆ. 2011ರ ಜನಗಣತಿಯ ಪ್ರಕಾರ ಭಾರತದ ಜನಸಂಖ್ಯೆ ಸುಮಾರು 121 ಕೋಟಿ. ಅದು ಇಂಟಿಜರ್‌ನಲ್ಲಿ ಆರಾಮಾಗಿ ಕೂರುತ್ತದೆ. ಅದಕ್ಕೆ ಅದನ್ನೇ ಕೂಡಿಸಿದರೆ 242 ಕೋಟಿ, ಅದು ಕೂರುವುದಿಲ್ಲ. ಉತ್ತರದ ಜಾಗದಲ್ಲಿ ಎನ್‌ಎ (ಬೆಲೆ ಇಲ್ಲ ಎಂಬ ಗುರುತು) ಬರುತ್ತದೆ, ಜೊತೆಗೆ ಇಂಟಿಜರ್ ಓವರ್‌ಫ್ಲೋ ಎಂಬ ಎಚ್ಚರಿಕೆ. ನೀವು 1210000000 ಅಂತ ಸುಮ್ನೆ ಬರೆದರೆ ಆರ್ ಅದನ್ನು ಇಂಟಿಜರ್ ಎಂದು ತೆಗೆದುಕೊಳ್ಳುವುದಿಲ್ಲ. ಕೊನೆಗೆ ದೊಡ್ಡಕ್ಷರದ ಎಲ್ ಸೇರಿಸಿದರೆ ಮಾತ್ರ ಇಂಟಿಜರ್. ಆದರೆ 1:100000 ಎಂದು ಸಾಲು ಮಾಡಿದಾಗ, ಎನ್‌ರೋ ಕೇಳಿ ಸಾಲುಗಳನ್ನು ಎಣಿಸಿದಾಗ, ನಮಗೆ ತಿಳಿಯದೆ ಇಂಟಿಜರ್ ಕೈಗೆ ಬಂದಿರುತ್ತದೆ. ಬೇಕಿದ್ದರೆ ಕ್ಯುಮ್‌ಸಮ್(1:100000) ಮಾಡಿ ನೋಡಿ, ಅದು ಒಂದೊಂದೇ ಸಂಖ್ಯೆ ಕೂಡಿಸುತ್ತಾ ಅಲ್ಲಿಯವರೆಗಿನ ಮೊತ್ತ ಕೊಡುತ್ತದೆ. 65535ನೇ ಮೊತ್ತದವರೆಗೂ ಸರಿ, 65536ರಿಂದ ಎಲ್ಲವೂ ಎನ್‌ಎ. ಮದ್ದು ಸುಲಭ. ಲೆಕ್ಕಕ್ಕೆ ಮುಂಚೆ ಆಸ್.ನ್ಯೂಮೆರಿಕ್ ಒಳಗೆ ಹಾಕಿ, ಮುಗಿಯಿತು.

ಎರಡನೆಯದು ಡಬಲ್‌ನ ಮೇಲಿನ ಮಿತಿ. ಡಬಲ್ ಅಂದರೆ ಆರ್ ಸಾಮಾನ್ಯವಾಗಿ ಬಳಸುವ 64 ಬಿಟ್‌ನ ಸಂಖ್ಯೆ. ಅದು ಸುಮಾರು 1.797693 × 10^308ರ ತನಕ ಹೋಗುತ್ತದೆ. ಆಮೇಲೆ ಉತ್ತರ ಇನ್ಫ್, ಅಂದರೆ ಅನಂತ. ಫ್ಯಾಕ್ಟೋರಿಯಲ್(170), ಅಂದರೆ 1ರಿಂದ 170ರವರೆಗಿನ ಸಂಖ್ಯೆಗಳ ಗುಣಲಬ್ಧ, ಕೇಳಿದರೆ 7.257416 × 10^306 ಬರುತ್ತದೆ, ಫ್ಯಾಕ್ಟೋರಿಯಲ್(171) ಕೇಳಿದರೆ ಇನ್ಫ್. ಕೆಳಗೂ ಇಂಥದೇ ಮಿತಿ ಇದೆ. ತೀರಾ ಸಣ್ಣ ಸಂಖ್ಯೆ ಕೊನೆಗೆ ಸೊನ್ನೆಯೇ ಆಗಿಬಿಡುತ್ತದೆ. ಸಂಭವನೀಯತೆಯ ಲೆಕ್ಕ ಮಾಡುವವರಿಗೆ ಈ ಕೆಳಗಿನ ಮಿತಿಯೇ ಜಾಸ್ತಿ ಕಾಟ ಕೊಡುತ್ತದೆ.

ಮೂರನೆಯದು ಮಾತಾಡದೆ ಬರುವ ತಪ್ಪು. ನನಗೆ ನಿಜವಾಗಿ ಭಯ ಇರುವುದು ಇದರದ್ದೇ. ಎನ್‌ಎ ಬಂದರೆ, ಇನ್ಫ್ ಬಂದರೆ ಯಾರಾದರೂ ನಿಂತು ನೋಡುತ್ತಾರೆ. ಇದು ಹಾಗಲ್ಲ. ಡಬಲ್‌ನ 64 ಬಿಟ್‌ಗಳಲ್ಲಿ ಅಂಕಿಗಳನ್ನು ಹಿಡಿಯಲು ಸಿಗುವುದು 53 ಬಿಟ್ ನಿಖರತೆ. ಹಾಗಾಗಿ 2^53, ಅಂದರೆ 9007199254740992ರವರೆಗೆ ಪ್ರತಿಯೊಂದು ಪೂರ್ಣಾಂಕವೂ ಸರಿಯಾಗಿ ಇರುತ್ತದೆ. ನಮ್ಮ ಎಣಿಕೆಯಲ್ಲಿ ಅದು 9007 ಲಕ್ಷ ಕೋಟಿ. ಅಲ್ಲಿಂದ ಮುಂದೆ ನಡುನಡುವೆ ಸಂಖ್ಯೆಗಳು ಬಿಟ್ಟುಹೋಗುತ್ತವೆ. ಮೊದಲು ಎರಡಕ್ಕೊಂದು ಸಿಗುತ್ತದೆ, ಆಮೇಲೆ ನಾಲ್ಕಕ್ಕೊಂದು, ಹೀಗೆ ಅಂತರ ಬೆಳೆಯುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲೇ ನೋಡಿ:

2^53 + 1 == 2^53

ಎರಡೂ ಒಂದೇ ಅನ್ನುತ್ತದೆ ಆರ್.

ಇನ್ನೊಂದು ಉದಾಹರಣೆ. ಕಾಗದ, ಪೆನ್ನು ಇದ್ದರೆ ಈ ತಪ್ಪನ್ನು ನೀವೇ ಹಿಡಿಯಬಹುದು. 23ರ ಫ್ಯಾಕ್ಟೋರಿಯಲ್, ಅಂದರೆ 1ರಿಂದ 23ರವರೆಗಿನ ಸಂಖ್ಯೆಗಳ ಗುಣಲಬ್ಧ. ಅದನ್ನು ಪೂರ್ತಿ ಅಂಕಿಗಳಲ್ಲಿ ತೋರಿಸು ಅಂದರೆ ಆರ್ ಕೊಡುವುದು 25852016738884978212864. ಈಗ ಯೋಚಿಸಿ. ಆ ಗುಣಾಕಾರದಲ್ಲಿ 5, 10, 15, 20 ಇವೆ. ಜೋಡಿಯಾಗಲು ಎರಡರ ಅಪವರ್ತನಗಳು ಬೇಕಾದಷ್ಟಿವೆ. ಹಾಗಾದರೆ ಕೊನೆಯಲ್ಲಿ ನಾಲ್ಕು ಸೊನ್ನೆ ಇರಲೇಬೇಕು, ಅಲ್ವಾ? ಇಲ್ಲಿ ಒಂದೂ ಇಲ್ಲ. ಸರಿಯಾದ ಉತ್ತರ 25852016738884976640000. ಮೊದಲ 16 ಅಂಕಿ ಎರಡರಲ್ಲೂ ಒಂದೇ, ಆಮೇಲೆ ದಾರಿ ಬೇರೆ.

ಇಲ್ಲೊಂದು ತಪ್ಪು ತಿಳುವಳಿಕೆ ತುಂಬಾ ಕಡೆ ನೋಡಿದ್ದೇನೆ. ಆಪ್ಷನ್ಸ್ ಒಳಗೆ ಸೈಪೆನ್ = 999 ಎಂದು ಹಾಕಿದರೆ ಘಾತದ ರೂಪ ಹೋಗಿ ಎಲ್ಲಾ ಅಂಕಿ ಕಾಣುತ್ತವೆ. ಆಗ ನಿಖರತೆಯೂ ಬಂತು ಅಂದುಕೊಳ್ಳುತ್ತಾರೆ. ಬರುವುದಿಲ್ಲ. ಆರ್ ಮಾಮೂಲಾಗಿ 7 ಅಂಕಿ ತೋರಿಸುತ್ತದೆ, ಒಳಗೆ ಹಿಡಿದಿರುವುದು ಸುಮಾರು 15ರಿಂದ 17 ಅಂಕಿ. ಎಷ್ಟು ತೋರಿಸಬೇಕು ಎಂಬುದನ್ನು ನೀವು ಬದಲಿಸಬಹುದು. ಎಷ್ಟು ಹಿಡಿದಿದೆ ಎಂಬುದು ಇದರಿಂದ ಬದಲಾಗುವುದಿಲ್ಲ.

ಹಂತ 2: ಗಾತ್ರ ಬೇಕೋ, ಪ್ರತಿ ಅಂಕಿ ಬೇಕೋ?

ಪ್ಯಾಕೇಜ್ (ಆರ್‌ಗೆ ಹೊರಗಿನಿಂದ ಸೇರಿಸುವ ಫಂಕ್ಷನ್‌ಗಳ ಕಟ್ಟು) ಹುಡುಕುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಿ. ಅಂಕಿಅಂಶದ ಕೆಲಸದಲ್ಲಿ ಹೆಚ್ಚಿನ ಸಲ ಬೇಕಾಗಿರುವುದು ಗಾತ್ರ ಮಾತ್ರ. ದೊಡ್ಡ ಸಂಖ್ಯೆಗಳು ನಡುವೆ ಬಂದು ಹೋಗುತ್ತವೆ, ಕೊನೆಯ ಉತ್ತರ 0 ಮತ್ತು 1ರ ಮಧ್ಯದ ಒಂದು ಸಣ್ಣ ಸಂಖ್ಯೆ. ಅದಕ್ಕೆ ಲಾಗ್ ಸಾಕು, ಪ್ಯಾಕೇಜೇ ಬೇಡ. ಗೂಢಲಿಪಿ, ಸಂಖ್ಯಾಸಿದ್ಧಾಂತ, ನಿಖರವಾದ ಎಣಿಕೆ ಇಂಥವಕ್ಕೆ ಮಾತ್ರ ಪ್ರತಿ ಅಂಕಿಯೂ ಬೇಕು.

ಹಂತ 3: ಲಾಗ್‌ನಲ್ಲೇ ಲೆಕ್ಕ ಮುಗಿಸಿ

ಗುಣಾಕಾರ ಲಾಗ್‌ನಲ್ಲಿ ಕೂಡುವುದಾಗುತ್ತದೆ, ಭಾಗಾಕಾರ ಕಳೆಯುವುದಾಗುತ್ತದೆ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಲಾಗ್ ಟೇಬಲ್ ಪುಸ್ತಕ ಹಿಡಿದು ಓದಿದವರು ಮಾಡುತ್ತಿದ್ದುದು ಇದನ್ನೇ. ದೊಡ್ಡ ಸಂಖ್ಯೆಯನ್ನು ಹುಟ್ಟಲು ಬಿಡದೆ ಅದರ ಲಾಗ್ ಜೊತೆಗೇ ಕೆಲಸ ಮಾಡುವುದು.

ಹುಟ್ಟುಹಬ್ಬದ ಲೆಕ್ಕ ತೆಗೆದುಕೊಳ್ಳೋಣ. ಒಂದು ಕೋಣೆಯಲ್ಲಿ 23 ಜನ ಇದ್ದಾರೆ. ಯಾರ ಹುಟ್ಟುಹಬ್ಬವೂ ಇನ್ನೊಬ್ಬರದ್ದಕ್ಕೆ ಹೊಂದದೆ ಇರುವ ಸಂಭವ ಎಷ್ಟು? ಸೂತ್ರ ಹೀಗಿದೆ: 365ರ ಫ್ಯಾಕ್ಟೋರಿಯಲ್ ಅನ್ನು 342ರ ಫ್ಯಾಕ್ಟೋರಿಯಲ್‌ನಿಂದ ಭಾಗಿಸಿ, ಆಮೇಲೆ 365^23ರಿಂದ ಭಾಗಿಸಿ. ನೇರವಾಗಿ ಬರೆದರೆ ಮೇಲೂ ಇನ್ಫ್, ಕೆಳಗೂ ಇನ್ಫ್. ಅನಂತವನ್ನು ಅನಂತದಿಂದ ಭಾಗಿಸಿದರೆ ಸಂಖ್ಯೆಯೇ ಅಲ್ಲ ಎಂದು ಆರ್ ಕೈಚೆಲ್ಲುತ್ತದೆ. ಬದಲಿಗೆ ಹೀಗೆ ಬರೆಯಿರಿ (ಎಕ್ಸ್‌ಪಿ ಅಂದರೆ ಲಾಗ್‌ನ ಉಲ್ಟಾ):

ಎಕ್ಸ್‌ಪಿ(ಎಲ್‌ಫ್ಯಾಕ್ಟೋರಿಯಲ್(365) - ಎಲ್‌ಫ್ಯಾಕ್ಟೋರಿಯಲ್(342) - 23 * ಲಾಗ್(365))

ಉತ್ತರ 0.4927. ಅಂದರೆ ಕನಿಷ್ಠ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, 0.5073. ಇಲ್ಲಿ ಎಲ್‌ಫ್ಯಾಕ್ಟೋರಿಯಲ್ ಅನ್ನುವುದು ಫ್ಯಾಕ್ಟೋರಿಯಲ್ ಹೆಸರಿನ ಮುಂದೆ ಸಣ್ಣಕ್ಷರದ ಎಲ್ ಸೇರಿಸಿದ್ದು, ಅಷ್ಟೇ. ಅದು ನೇರವಾಗಿ ಲಾಗ್ ಕೊಡುತ್ತದೆ. ಹಾಗೆಯೇ ಎಲ್‌ಚೂಸ್, ಎಲ್‌ಗ್ಯಾಮಾ, ಎಲ್‌ಬೀಟಾ ಇವೆ. ಇವೆಲ್ಲ ಆರ್ ಜೊತೆಗೇ ಬರುತ್ತವೆ.

ಎಷ್ಟು ಅಂಕಿಯ ಸಂಖ್ಯೆ ಎಂದು ತಿಳಿಯಲೂ ಇದು ಸಾಕು. ಎಲ್‌ಫ್ಯಾಕ್ಟೋರಿಯಲ್(52) ಅನ್ನು ಲಾಗ್(10)ರಿಂದ ಭಾಗಿಸಿ. 67.9066 ಬರುತ್ತದೆ. ಪೂರ್ಣಭಾಗಕ್ಕೆ ಒಂದು ಕೂಡಿಸಿದರೆ 68 ಅಂಕಿ. ಒಂದು ಕಟ್ಟು ಇಸ್ಪೀಟ್ ಎಲೆಗಳನ್ನು ಎಷ್ಟು ರೀತಿ ಜೋಡಿಸಬಹುದು ಎಂಬ ಸಂಖ್ಯೆ ಇದು. ಇದೇ ರೀತಿ 1000ದ ಫ್ಯಾಕ್ಟೋರಿಯಲ್‌ಗೆ 2568 ಅಂಕಿ.

ಮಾಡೆಲ್ ಕಟ್ಟುವವರು ಕೆಳಗಿನ ಮಿತಿಯನ್ನು ಮರೆಯಬಾರದು. 1000 ಮಾಹಿತಿ ಸಾಲುಗಳಿವೆ, ಒಂದೊಂದರ ಸಂಭಾವ್ಯತೆಯ ಬೆಲೆ 0.4 ಎಂದುಕೊಳ್ಳಿ. ಎಲ್ಲವನ್ನೂ ಗುಣಿಸಿದರೆ ಆರ್ ಕೊಡುವುದು ಶುದ್ಧ ಸೊನ್ನೆ. ಲಾಗ್‌ಗಳನ್ನು ಕೂಡಿದರೆ -916.29. ಇದರ ಜೊತೆ ಹೋಲಿಸಬಹುದು, ಇದನ್ನು ಹೆಚ್ಚಿಸಲು ಹುಡುಕಬಹುದು. ಸೊನ್ನೆಯ ಜೊತೆ ಏನೂ ಮಾಡಲಾಗುವುದಿಲ್ಲ. ಸೊನ್ನೆ ಬಂದ ಮೇಲೆ ಲಾಗ್ ತೆಗೆದುಕೊಳ್ಳಲು ಹೋಗಬೇಡಿ, ಅಷ್ಟರಲ್ಲಿ ಮಾಹಿತಿ ಹೋಗಿರುತ್ತದೆ. ಸಂಭವನೀಯತೆ ಲೆಕ್ಕ ಹಾಕುವ ಫಂಕ್ಷನ್‌ಗಳಲ್ಲಿ ಡಿನಾರ್ಮ್, ಡಿಬೈನಾಮ್‌ಗಳಿಗೆ ಲಾಗ್ = ಟ್ರೂ ಎಂದೂ, ಪಿನಾರ್ಮ್‌ಗೆ ಲಾಗ್.ಪಿ = ಟ್ರೂ ಎಂದೂ ಮೊದಲೇ ಹೇಳಿ (ಟ್ರೂ ಪೂರ್ತಿ ದೊಡ್ಡಕ್ಷರ). ಪಿನಾರ್ಮ್(-40) ಸೊನ್ನೆ ಕೊಡುತ್ತದೆ. ಅದನ್ನೇ ಲಾಗ್‌ನಲ್ಲಿ ಕೇಳಿದರೆ -804.6084 ಎಂಬ ಒಳ್ಳೆಯ ಉತ್ತರ ಸಿಗುತ್ತದೆ.

ಲಾಗ್‌ನಲ್ಲಿರುವ ಎರಡು ಬೆಲೆಗಳನ್ನು ಗುಣಿಸುವುದಲ್ಲ, ಕೂಡಬೇಕಾಗಿ ಬಂದರೆ? ಆಗ ಒಂದು ಕೈಚಳಕ ಬೇಕು. -1000 ಮತ್ತು -1001 ಎಂಬ ಎರಡು ಲಾಗ್ ಬೆಲೆಗಳಿವೆ. ಎರಡನ್ನೂ ಎಕ್ಸ್‌ಪಿ ಮಾಡಿದರೆ ಎರಡೂ ಸೊನ್ನೆ. ಹಾಗೆ ಮಾಡುವ ಬದಲು ದೊಡ್ಡದನ್ನು ಹೊರಗೆ ತೆಗೆದಿಡಿ. ಇಲ್ಲಿ ದೊಡ್ಡದು -1000. ಉಳಿಯುವುದು 0 ಮತ್ತು -1. ಇವುಗಳ ಎಕ್ಸ್‌ಪಿ ಕೂಡಿ ಲಾಗ್ ತೆಗೆದರೆ 0.3133. ತೆಗೆದಿಟ್ಟದ್ದನ್ನು ವಾಪಸ್ ಸೇರಿಸಿ: -999.6867. ಮ್ಯಾಟ್ರಿಕ್ಸ್‌ಸ್ಟ್ಯಾಟ್ಸ್ ಪ್ಯಾಕೇಜ್‌ನಲ್ಲಿ (ಸ್ಟ್ಯಾಟ್ಸ್‌ನ ಮೊದಲ ಎಸ್ ದೊಡ್ಡಕ್ಷರ) ಲಾಗ್‌ಸಮ್‌ಎಕ್ಸ್‌ಪಿ (ಸಮ್‌ನ ಎಸ್, ಎಕ್ಸ್‌ಪಿಯ ಇ ದೊಡ್ಡಕ್ಷರ) ಎಂಬ ಫಂಕ್ಷನ್ ಇದನ್ನೇ ಮಾಡುತ್ತದೆ. ಆದರೂ ಒಮ್ಮೆ ಕೈಯಲ್ಲಿ ಮಾಡಿ ನೋಡಿ ಎಂದು ಒತ್ತಿ ಹೇಳುತ್ತೇನೆ. ಒಂದು ಸಲ ಅರ್ಥವಾದರೆ ಬೇರೆ ಲೆಕ್ಕಗಳಲ್ಲೂ ಇದು ತಾನಾಗಿ ಕೈಗೆ ಬರುತ್ತದೆ.

ಹಂತ 4: ಪ್ರತಿ ಅಂಕಿಯೂ ಬೇಕಾದರೆ ಜಿಎಂಪಿ

ಆರ್‌ನ ಜಿಎಂಪಿ ಪ್ಯಾಕೇಜ್, ಅದೇ ಹೆಸರಿನ ಗ್ನೂ ಲೈಬ್ರರಿಯ ಮೇಲೆ ನಿಂತಿದೆ. ಪೂರ್ಣಾಂಕ ಎಷ್ಟು ಉದ್ದ ಇದ್ದರೂ ಮೆಮೊರಿ ಇರುವ ತನಕ ಒಂದು ಅಂಕಿಯನ್ನೂ ಬಿಡದೆ ಹಿಡಿಯುತ್ತದೆ. ಇನ್‌ಸ್ಟಾಲ್.ಪ್ಯಾಕೇಜಸ್ ಒಳಗೆ ಕೋಟ್ಸ್ ಹಾಕಿ ಹೆಸರು ಕೊಡಿ. ವಿಂಡೋಸ್, ಮ್ಯಾಕ್‌ನಲ್ಲಿ ಅಷ್ಟೇ ಸಾಕು. ಉಬುಂಟುವಿನಲ್ಲಿ ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ, ಮೊದಲು ಸಿಸ್ಟಂಗೆ ಜಿಎಂಪಿಯ ಡೆವಲಪ್‌ಮೆಂಟ್ ಲೈಬ್ರರಿ ಹಾಕಿಕೊಳ್ಳಬೇಕು.

ಈಗ ಕಾಳಿನ ಲೆಕ್ಕ (ಆಸ್.ಬಿಗ್‌ಜೆಡ್ ಸಂಖ್ಯೆಯನ್ನು ಜಿಎಂಪಿಯ ಪೂರ್ಣಾಂಕವಾಗಿ ಬದಲಿಸುತ್ತದೆ):

ಆಸ್.ಬಿಗ್‌ಜೆಡ್(2)^64 - 1

ಉತ್ತರ 18446744073709551615. ರಾಜನ ಲೆಕ್ಕ ಸರಿಹೋಯಿತು.

ಫ್ಯಾಕ್ಟೋರಿಯಲ್‌ಗೆ ಫ್ಯಾಕ್ಟೋರಿಯಲ್‌ಜೆಡ್ ಇದೆ, ಆಯ್ಕೆಗಳ ಎಣಿಕೆಗೆ ಚೂಸ್‌ಜೆಡ್ ಇದೆ. ಎರಡರಲ್ಲೂ ಕೊನೆಯ ಜೆಡ್ ದೊಡ್ಡಕ್ಷರ. ಘಾತ ತೆಗೆದು ಶೇಷ ಮಾತ್ರ ಬೇಕಾದಾಗ ಪವ್‌ಎಂ ಬಳಸಿ. 2^1000ದ ಕೊನೆಯ 10 ಅಂಕಿ ಬೇಕು ಅನ್ನಿ. ಪವ್‌ಎಂ(2, 1000, 10^10) ಕೇಳಿದರೆ 5668069376 ಕೊಡುತ್ತದೆ. ಮೊದಲು ಇಡೀ ಸಂಖ್ಯೆ ಮಾಡಿ ಆಮೇಲೆ ಭಾಗಿಸುವ ಸುತ್ತುದಾರಿ ಬೇಡ. ಭಿನ್ನರಾಶಿ ಇದ್ದರೆ ಆಸ್.ಬಿಗ್‌ಕ್ಯೂ ಇದೆ, 1/3 ಅನ್ನು 1/3 ಆಗಿಯೇ ಇಟ್ಟುಕೊಳ್ಳುತ್ತದೆ.

ಈ ಪ್ಯಾಕೇಜ್ ಬಳಸುವಾಗ ಒಂದು ಕಡೆ ತುಂಬಾ ಜನ ಬೀಳುತ್ತಾರೆ. ಇದನ್ನು ಗಮನವಿಟ್ಟು ಓದಿ. ಈ ಎರಡು ಸಾಲು ನೋಡಿ:

ಆಸ್.ಬಿಗ್‌ಜೆಡ್(18446744073709551615)
ಆಸ್.ಬಿಗ್‌ಜೆಡ್("18446744073709551615")

ಮೊದಲನೆಯದು ಮತ್ತೆ ಆ 616ರಲ್ಲಿ ಕೊನೆಯಾಗುವ ತಪ್ಪು ಸಂಖ್ಯೆ ಕೊಡುತ್ತದೆ. ಎರಡನೆಯದು ಮಾತ್ರ ಸರಿ. ಯಾಕೆ? ಕೋಟ್ಸ್ ಇಲ್ಲದ ಸಂಖ್ಯೆಯನ್ನು ಆರ್ ಮೊದಲು ತಾನೇ ಓದಿ ಡಬಲ್ ಮಾಡಿಕೊಳ್ಳುತ್ತದೆ. ಕಾಳು ಅಲ್ಲೇ ಜಾಸ್ತಿಯಾಯಿತು. ಜಿಎಂಪಿಯ ಕೈಗೆ ಬರುವ ಹೊತ್ತಿಗೆ ಕೆಟ್ಟ ಸಂಖ್ಯೆಯೇ ಬಂದಿರುತ್ತದೆ, ಅದನ್ನೇ ಅದು ಪ್ರಾಮಾಣಿಕವಾಗಿ ಕಾಪಾಡುತ್ತದೆ. ಹಾಗಾಗಿ 15 ಅಂಕಿ ದಾಟಿದ ಸಂಖ್ಯೆಗೆ ಯಾವಾಗಲೂ ಕೋಟ್ಸ್ ಹಾಕಿ. ಹಾಗೆಯೇ ಫ್ಯಾಕ್ಟೋರಿಯಲ್(23) ಮಾಡಿ ಆಮೇಲೆ ಆಸ್.ಬಿಗ್‌ಜೆಡ್‌ಗೆ ಕೊಡಬೇಡಿ. ಮೊದಲಿಂದಲೇ ಫ್ಯಾಕ್ಟೋರಿಯಲ್‌ಜೆಡ್(23) ಕೇಳಿ.

ಹಂತ 5: ದಶಮಾಂಶ ಬೇಕಾದರೆ ಆರ್‌ಎಂಪಿಎಫ್‌ಆರ್

ಎಕ್ಸ್‌ಪಿ(1000) ಸುಮಾರು 1.970071 × 10^434. ಡಬಲ್‌ನಲ್ಲಿ ಇದು ಇನ್ಫ್. ಎಕ್ಸ್‌ಪಿ ಒಳಗೆ ಸುಮಾರು 709.78 ದಾಟಿದರೆ ಸಾಕು, ಇನ್ಫ್. ಇದು ಪೂರ್ಣಾಂಕ ಅಲ್ಲ, ಜಿಎಂಪಿಗೆ ಹೊಂದುವುದಿಲ್ಲ. ಇಲ್ಲಿ ಆರ್‌ಎಂಪಿಎಫ್‌ಆರ್ ಪ್ಯಾಕೇಜ್ ಬೇಕು. ಹೆಸರಿನ ಮೊದಲ ಅಕ್ಷರ ದೊಡ್ಡದು. ಇದರಲ್ಲಿ ಎಷ್ಟು ಬಿಟ್ ನಿಖರತೆ ಬೇಕೆಂದು ನೀವೇ ಹೇಳಬಹುದು:

ಎಕ್ಸ್‌ಪಿ(ಎಂಪಿಎಫ್‌ಆರ್(1000, 120))

120 ಬಿಟ್ ಅಂದರೆ ಸುಮಾರು 36 ಅಂಕಿ. ಒಂದು ಅಂಕಿಗೆ ಮೂರೂಕಾಲು ಬಿಟ್‌ಗಿಂತ ಸ್ವಲ್ಪ ಜಾಸ್ತಿ ಬೇಕು ಎಂದು ನೆನಪಿಡಿ. ಕೋಟ್ಸ್‌ನ ಮಾತು ಇಲ್ಲೂ ಇದೆ. ಎಂಪಿಎಫ್‌ಆರ್(1/3, 200) ತಪ್ಪು, ಭಾಗಾಕಾರ ಒಳಗೆ ಡಬಲ್‌ನಲ್ಲೇ ಆಗಿಹೋಗಿರುತ್ತದೆ. ಎಂಪಿಎಫ್‌ಆರ್(1, 200)/3 ಸರಿ. 0.1 ಕೊಡುವುದಾದರೆ "0.1" ಎಂದು ಕೊಡಿ.

ಈ ಎರಡೂ ಪ್ಯಾಕೇಜ್‌ಗಳ ಲೆಕ್ಕ ಡಬಲ್‌ಗಿಂತ ಎಷ್ಟೋ ನಿಧಾನ. ಲಕ್ಷ ಸಲ ಸುತ್ತುವ ಲೂಪ್ ಒಳಗೆ ಹಾಕುವ ಮೊದಲು, ಲಾಗ್‌ನಲ್ಲಿ ಮುಗಿಯುತ್ತದೆಯೇ ಎಂದು ಇನ್ನೊಮ್ಮೆ ನೋಡಿ.

ಹಂತ 6: ಸಂಖ್ಯೆಯಂತೆ ಕಾಣುವ ಗುರುತಿನ ಚೀಟಿಗಳು

ಇದನ್ನು ನಾನು ಅನುಭವದಿಂದ ಬರೆಯುತ್ತಿದ್ದೇನೆ. ಒಂದು ಕೆಲಸದಲ್ಲಿ ಎರಡು ಪಟ್ಟಿಗಳನ್ನು ಹೊಂದಿಸಬೇಕಿತ್ತು. ಎರಡರಲ್ಲೂ 18 ಅಂಕಿಯ ದಾಖಲೆ ಸಂಖ್ಯೆ ಇತ್ತು. ಹೊಂದಿಸಿದಾಗ ಒಬ್ಬರ ಸಾಲು ಇನ್ನೊಬ್ಬರಿಗೆ ಅಂಟಿಕೊಂಡಿತು. ಸಾಲುಗಳ ಒಟ್ಟು ಎಣಿಕೆ ಸರಿ ಇದ್ದುದರಿಂದ ಎರಡು ದಿನ ಯಾರಿಗೂ ಅನುಮಾನ ಬರಲಿಲ್ಲ. ಫೈಲ್ ಓದುವಾಗಲೇ ಆ ಕಾಲಂ ಡಬಲ್ ಆಗಿತ್ತು. ಪಕ್ಕಪಕ್ಕದ ದಾಖಲೆಗಳ ಕೊನೆಯ ಅಂಕಿ ಕರಗಿ ಎರಡೂ ಒಂದೇ ಸಂಖ್ಯೆಯಾಗಿದ್ದವು. ಆ ಸಾಲುಗಳ ಹಿಂದೆ ಇದ್ದವರು ನಿಜವಾದ ಜನ. ಇವತ್ತಿಗೂ ಅದು ನನಗೆ ಕಸಿವಿಸಿಯ ವಿಷಯ.

ಪರಿಹಾರ ಒಂದೇ ಸಾಲು. ರೀಡ್.ಸಿಎಸ್‌ವಿ ಕೊಡುವಾಗ ಕಾಲ್‌ಕ್ಲಾಸಸ್‌ನಲ್ಲಿ (ನಡುವಿನ ಸಿ ದೊಡ್ಡಕ್ಷರ) ಆ ಕಾಲಂ "ಕ್ಯಾರೆಕ್ಟರ್" ಎಂದು ಹೇಳಿ. ಖಾತೆ ಸಂಖ್ಯೆ, ಕಾರ್ಡ್ ಸಂಖ್ಯೆ, ದಾಖಲೆ ಸಂಖ್ಯೆ ಇವನ್ನು ಯಾರೂ ಕೂಡುವುದಿಲ್ಲ, ಗುಣಿಸುವುದಿಲ್ಲ. ಅವು ಅಂಕಿಗಳಲ್ಲಿ ಬರೆದ ಹೆಸರುಗಳು. ಅಕ್ಷರವಾಗಿಯೇ ಇರಲಿ. ಮುಂದಿನ ಸೊನ್ನೆಗಳೂ ಉಳಿಯುತ್ತವೆ. ಟ್ವಿಟರ್ ಕೂಡ ಇದೇ ಕಾರಣಕ್ಕೆ ತನ್ನ ಮಾಹಿತಿಯಲ್ಲಿ ಪ್ರತಿ ಟ್ವೀಟ್‌ನ ಸಂಖ್ಯೆಯನ್ನು ಅಕ್ಷರರೂಪದಲ್ಲೂ ಇನ್ನೊಮ್ಮೆ ಕೊಡಲು ಶುರುಮಾಡಿತು.

ಡೇಟಾ.ಟೇಬಲ್ ಪ್ಯಾಕೇಜ್‌ನ ಎಫ್‌ರೀಡ್ ಬಳಸುವವರಿಗೆ ಇನ್ನೊಂದು ಮಾತು. ಅದು ಇಂಥ ಕಾಲಂ ಅನ್ನು 64 ಬಿಟ್ ಇಂಟಿಜರ್ ಆಗಿ ಓದುತ್ತದೆ, 9223372036854775807ರವರೆಗೆ ಸರಿಯಾಗಿ ಹಿಡಿಯುತ್ತದೆ. ಆದರೆ ಬಿಟ್64 ಪ್ಯಾಕೇಜ್ ಇಲ್ಲದಿದ್ದರೆ ಪರದೆಯ ಮೇಲೆ 10ರ ಮೈನಸ್ 300ನೇ ಘಾತದ ಆಸುಪಾಸಿನ ವಿಚಿತ್ರ ಸಂಖ್ಯೆಗಳು ಕಾಣುತ್ತವೆ. ಗಾಬರಿ ಬೇಡ. ಬಿಟ್64 ಲೋಡ್ ಮಾಡಿ, ಸರಿಹೋಗುತ್ತದೆ.

ಹಂತ 7: ಉತ್ತರವನ್ನು ಬೇರೆ ದಾರಿಯಿಂದ ಪರೀಕ್ಷಿಸಿ

ದೊಡ್ಡ ಸಂಖ್ಯೆಗಳು ಕಣ್ಣಿಗೆ ಎಲ್ಲವೂ ಒಂದೇ ಥರ. ಹಾಗಾಗಿ ಬೇರೆ ದಾರಿಯಿಂದ ಬಂದ ಒಂದು ಸತ್ಯದ ಜೊತೆ ತಾಳೆ ನೋಡಬೇಕು. 100ರ ಫ್ಯಾಕ್ಟೋರಿಯಲ್ ತೆಗೆದರೆ ಅಂಕಿಗಳು 158 ಇರಬೇಕು, ಲಾಗ್ ಹೇಳುತ್ತದೆ. ಕೊನೆಯಲ್ಲಿ 24 ಸೊನ್ನೆ ಇರಬೇಕು, 100ರೊಳಗೆ 5ರ ಗುಣಕಗಳು 20, 25ರ ಗುಣಕಗಳು 4. ಉತ್ತರವನ್ನು ಆಸ್.ಕ್ಯಾರೆಕ್ಟರ್ ಮಾಡಿ, ಎನ್‌ಚಾರ್‌ನಿಂದ ಉದ್ದ ಎಣಿಸಿ. ನಿಮಿಷದ ಕೆಲಸ.

ಕಾಳಿನ ಸಂಖ್ಯೆಯನ್ನೂ ಹೀಗೆ ಪರೀಕ್ಷಿಸಬಹುದು. ಜಿಎಂಪಿಯ ಫ್ಯಾಕ್ಟರೈಸ್‌ಗೆ ಅದನ್ನು ಕೊಡಿ. ಏಳು ಅವಿಭಾಜ್ಯ ಸಂಖ್ಯೆಗಳು ಬರುತ್ತವೆ: 3, 5, 17, 257, 641, 65537, 6700417. ಇವುಗಳಲ್ಲಿ 641 ಮತ್ತು 6700417 ಗುಣಿಸಿದರೆ 2^32 + 1. ಅದು ಅವಿಭಾಜ್ಯ ಎಂದು ಗಣಿತಜ್ಞ ಫರ್ಮಾ ನಂಬಿದ್ದ, ಅಲ್ಲ ಎಂದು 1732ರಲ್ಲಿ ಆಯ್ಲರ್ ಕಂಡುಹಿಡಿದ, ಯಾವ ಕಂಪ್ಯೂಟರೂ ಇಲ್ಲದೆ. ಈಗ ಕೋಟ್ಸ್ ಹಾಕುವುದನ್ನು ಮರೆತು ಅದೇ ಸಂಖ್ಯೆ ಕೊಟ್ಟು ನೋಡಿ. ಏಳೂ ಮಾಯ. ಪರದೆಯ ತುಂಬ 2, 2, 2 ಎಂದು ಅರವತ್ತನಾಲ್ಕು ಸಲ ಬರುತ್ತದೆ.